ಒಂದು ಚಾ ಅಂದ್ರೆ ಎಷ್ಟು ನಿಮಿಷ?

ಪ್ರತಿವರ್ಷ ಪೇಪರಿನಲ್ಲಿ ಒಂದು ಸುದ್ದಿ ಬರುತ್ತೆ, ನೀವೂ ನೋಡಿರ್ತೀರಿ. "ಜಗತ್ತಿನ ಅತಿ ದುಬಾರಿ ನಗರಗಳು" ಅಂತ. ಮರ್ಸರ್ ಅನ್ನುವ ಸಂಸ್ಥೆ ಮಾಡುವ ಲೆಕ್ಕ ಅದು. ಇನ್ನೂರಕ್ಕೂ ಹೆಚ್ಚು ನಗರಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಾಮಾನುಗಳ ಬೆಲೆ ಹಿಡಿದು, ನ್ಯೂಯಾರ್ಕ್ ಅನ್ನು ಅಳತೆಗೋಲಾಗಿ ಇಟ್ಟುಕೊಂಡು ಪಟ್ಟಿ ಮಾಡ್ತಾರೆ. ಮನೆ ಬಾಡಿಗೆ, ಬಸ್ಸು, ಬಟ್ಟೆ, ಸಿನಿಮಾ, ಆಮೇಲೆ ಒಂದು ಕಪ್ ಕಾಫಿ. 2024ರ ಪಟ್ಟಿಯಲ್ಲಿ ಹಾಂಗ್‌ಕಾಂಗ್ ಮೊದಲು, ಸಿಂಗಪುರ ಎರಡು, ಜ್ಯೂರಿಕ್ ಮೂರು. 226 ನಗರಗಳಲ್ಲಿ ಮುಂಬೈ 136ನೆಯದು, ನಮ್ಮ ಬೆಂಗಳೂರು 195ನೆಯದು. ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಟ್ಟು ಬಾಡಿಗೆ ಮನೆ ಹಿಡಿದವರು ಈ 195 ನೋಡಿ ನಗಬಹುದು :)

ಈ ಪಟ್ಟಿ ಯಾರಿಗೋಸ್ಕರ ಅಂದ್ರೆ, ಕಂಪನಿಯವರು ಬೇರೆ ದೇಶಕ್ಕೆ ಕಳಿಸುವ ನೌಕರರಿಗೋಸ್ಕರ. ಅಲ್ಲಿ ಕಾಫಿ ದುಬಾರಿ ಇದ್ದರೆ ಇವರ ಭತ್ಯೆಯೂ ಅಷ್ಟು ಜಾಸ್ತಿ ಇರಬೇಕಲ್ಲ, ಅದಕ್ಕೆ. ಊರು ಬಿಟ್ಟು ಹೋದವನ ಕಪ್ಪಿನ ಬೆಲೆಯನ್ನು ಇಷ್ಟು ಕಾಳಜಿಯಿಂದ ಯಾರೋ ಲೆಕ್ಕ ಹಾಕ್ತಾರೆ ಅನ್ನೋದು ಒಳ್ಳೆಯದೇ. ಆದರೆ ಊರು ಬಿಟ್ಟು ಹೋಗುವವರು ಅಂದ ಕೂಡಲೇ ನನಗೆ ನೆನಪಾಗೋದು ಹಾಂಗ್‌ಕಾಂಗ್ ಅಲ್ಲ. ದೇವದುರ್ಗದ ಬಸ್ ಸ್ಟ್ಯಾಂಡು.

ನಾನು ಬೆಳೆದದ್ದು ಮಾನ್ವಿಯಲ್ಲಿ. ಅಪ್ಪಾಜಿ ಸರ್ಕಾರಿ ಶಾಲೆ ಮಾಸ್ತರು. ಅವರ ಮೂಲ ಊರು ದೇವದುರ್ಗ ತಾಲೂಕಿನ ಒಂದು ಹಳ್ಳಿ. ದೊಡ್ಡಪ್ಪನ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಇಂಜಿನಿಯರಿಂಗ್ ಓದಿದ್ದು ರಾಯಚೂರಿನಲ್ಲಿ, ಈಗ ಕೆಲಸ ಬೆಂಗಳೂರಿನಲ್ಲಿ. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಬಂದಾಗ "ಅತ್ಯಂತ ಹಿಂದುಳಿದ" ತಾಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ನಾವು. ನಕಾಶೆ ನೋಡಿದವರು "ನಿಮಗೇನ್ರಿ ನೀರಿಗೆ ಬರ" ಅಂತಾರೆ. ಕಾಲುವೆ ಕೊನೆ ಭಾಗದ ರೈತನನ್ನು ಕೇಳಬೇಕು ಅದನ್ನ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳು ಖಾಲಿಯಾಗ್ತವೆ. ಜನ ಗಂಟು ಕಟ್ಟಿಕೊಂಡು ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಾಕ ಹೋಗ್ತಾರೆ. ನಮ್ಮ ಕಡೆ ಇದಕ್ಕೆ ಗುಳೆ ಅಂತಾರೆ. ಮೊಹರಂಗೆ, ಉಗಾದಿಗೆ ವಾಪಸ್ ಬರ್ತಾರೆ, ಮತ್ತೆ ಹೋಗ್ತಾರೆ.

ನಾನೂ ಒಂದು ಸಲ ಗುಳೆ ಹೋಗಿದ್ದೆ, ಆದರೆ ವಿಮಾನದಲ್ಲಿ. 2023ರಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ಎಂಟು ತಿಂಗಳು ಜ್ಯೂರಿಕ್‌ನಲ್ಲಿದ್ದೆ. ಮೊದಲನೇ ವಾರ ಹೊರಗೆ ಒಂದು ಕಾಫಿ ಕುಡಿದೆ, 4.70 ಫ್ರಾಂಕ್. ಫೋನ್ ತೆಗೆದು ರೂಪಾಯಿಗೆ ಬದಲಾಯಿಸಿದೆ, ಸುಮಾರು 430! ಹೊಸದಾಗಿ ಹೋದ ಪ್ರತಿಯೊಬ್ಬ ಭಾರತೀಯನೂ ಮಾಡುವ ಕೆಲಸ ಇದು, ನೀವೇನಾದರೂ ಹೊರಗೆ ಹೋಗಿದ್ದರೆ ನಿಮಗೂ ಗೊತ್ತಿರುತ್ತೆ. ಮೂರು ತಿಂಗಳು ಎಲ್ಲವನ್ನೂ ತೊಂಬತ್ತೆರಡರಿಂದ ಗುಣಿಸಿ ಗುಣಿಸಿ ಹೊಟ್ಟೆ ಉರಿಸಿಕೊಳ್ಳೋದು, ನಾಲ್ಕನೇ ತಿಂಗಳಿಂದ ಸುಮ್ಮನಾಗೋದು.

ಆದರೆ ಆ ಗುಣಾಕಾರದಲ್ಲಿ ಒಂದು ವಿಚಿತ್ರ ಕಂಡಿತು. ಅಲ್ಲಿ ಅಂಗಡಿಯಲ್ಲಿ ಒಂದು ಲೀಟರ್ ಹಾಲು ಒಂದೂ ಮುಕ್ಕಾಲು ಫ್ರಾಂಕ್ ಸುಮಾರು, ಅಂದ್ರೆ 160 ರೂಪಾಯಿ. ಆಗ ಬೆಂಗಳೂರಲ್ಲಿ ನೀಲಿ ಪ್ಯಾಕೆಟ್ ನಂದಿನಿ ಹಾಲು 39 ರೂಪಾಯಿ ಇತ್ತು. ನಾಲ್ಕು ಪಟ್ಟು. ಆದರೆ ಹೊರಗೆ ಕುಡಿಯುವ ಕಪ್ಪು? ಬೆಂಗಳೂರಿನಲ್ಲಿ ರಸ್ತೆ ಬದಿ 12-15 ರೂಪಾಯಿಗೆ ಚಾ ಸಿಗ್ತಿತ್ತು. ಮೂವತ್ತು ಪಟ್ಟು! ಹಾಲು ನಾಲ್ಕು ಪಟ್ಟು ದುಬಾರಿ, ಹಾಲು ಹಾಕಿದ ಕಪ್ಪು ಮೂವತ್ತು ಪಟ್ಟು. ನಡುವಿನ ದುಡ್ಡು ಎಲ್ಲಿ ಹೋಯಿತು?

ಅಂಗಡಿ ಬಾಡಿಗೆಗೆ ಒಂದಿಷ್ಟು ಹೋಯಿತು ನಿಜ. ಉಳಿದದ್ದು ಹೆಚ್ಚಾಗಿ ಕಪ್ಪನ್ನು ತಂದು ನನ್ನ ಮುಂದೆ ಇಟ್ಟವಳಿಗೆ. ಹಾಲನ್ನು ಲಾರಿಯಲ್ಲೋ ಹಡಗಿನಲ್ಲೋ ಬೇರೆ ದೇಶಕ್ಕೆ ಕಳಿಸಬಹುದು, ಆದ್ದರಿಂದ ಅದರ ಬೆಲೆ ಊರಿಂದ ಊರಿಗೆ ತೀರಾ ದೂರ ಹೋಗೋದಿಲ್ಲ. ಕಪ್ಪು ತಂದಿಡುವ ಕೈಯನ್ನು ಹಾಗೆ ಕಳಿಸೋಕೆ ಆಗಲ್ಲ. ಬಲಾಸಾ ಮತ್ತು ಸ್ಯಾಮುಯೆಲ್ಸನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 1964ರಲ್ಲೇ ಇದನ್ನ ಬೇರೆ ಬೇರೆಯಾಗಿ ಬರೆದಿಟ್ಟಿದ್ದಾರೆ. ನಾನಿದ್ದಾಗಲೇ, 2023ರ ಜೂನ್‌ನಲ್ಲಿ, ಜ್ಯೂರಿಕ್ ನಗರದ ಜನ ಮತ ಹಾಕಿ ಗಂಟೆಗೆ 23.90 ಫ್ರಾಂಕ್ ಕನಿಷ್ಠ ಕೂಲಿ ಇರಬೇಕು ಅಂತ ಒಪ್ಪಿಗೆ ಕೊಟ್ಟರು. (ಆಮೇಲೆ ಅದು ಕೋರ್ಟು ಮೆಟ್ಟಿಲು ಹತ್ತಿತು, ಆ ಕತೆ ಬೇರೆ.) ಗಂಟೆಗೆ ಎರಡು ಸಾವಿರ ರೂಪಾಯಿ ಮೇಲಾಯಿತು. ಆ ಕೂಲಿ ಕಾಫಿಯ ಬೆಲೆಯೊಳಗೆ ಕೂತಿದೆ. ನಮ್ಮಲ್ಲಿ ಚಾ ಅಗ್ಗ ಯಾಕೆ ಅನ್ನೋದಕ್ಕೂ ಅದೇ ಉತ್ತರ.

ಬೆಲೆ ಹೋಲಿಸುವ ಹುಚ್ಚು ನನಗೊಬ್ಬನಿಗೇ ಅಲ್ಲ. ಎಕನಾಮಿಸ್ಟ್ ಪತ್ರಿಕೆಯವರು 1986ರಲ್ಲಿ ಬಿಗ್ ಮ್ಯಾಕ್ ಬರ್ಗರ್ ಇಟ್ಟುಕೊಂಡು ದೇಶದೇಶಗಳ ಹಣದ ಬೆಲೆ ಅಳೆಯೋಕೆ ಶುರು ಮಾಡಿದರು, 2004ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಇಟ್ಟುಕೊಂಡೂ ನೋಡಿದರು. ಸ್ವಿಸ್ ಬ್ಯಾಂಕ್ ಯುಬಿಎಸ್‌ನವರದ್ದು ಇನ್ನೂ ಒಳ್ಳೆ ದಾರಿ: ಒಂದು ಬರ್ಗರ್ ಕೊಳ್ಳೋಕೆ ಯಾವ ಊರಿನವನು ಎಷ್ಟು ನಿಮಿಷ ದುಡಿಯಬೇಕು ಅಂತ. ಫ್ರಾಂಕೂ ಬೇಡ, ರೂಪಾಯಿಯೂ ಬೇಡ. ನಿಮಿಷ.

ಅದೇ ಲೆಕ್ಕವನ್ನ ನಮ್ಮ ಚಾಕ್ಕೆ ಹಾಕಿ ನೋಡೋಣ. ಗಂಟೆಗೆ 23.90 ಫ್ರಾಂಕ್ ಸಿಗುವವನಿಗೆ 4.70 ಫ್ರಾಂಕಿನ ಕಾಫಿ ಅಂದ್ರೆ ಸುಮಾರು 12 ನಿಮಿಷದ ದುಡಿಮೆ. ಈಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಕಟ್ಟಡದ ಕೆಲಸಕ್ಕೆ ಬರುವ ನಮ್ಮೂರಿನ ಹೆಣ್ಣುಮಗಳು, ದಿನಕ್ಕೆ 600 ರೂಪಾಯಿ, ಒಂಬತ್ತು ತಾಸು. ಸೈಟಿನ ಪಕ್ಕದಲ್ಲಿ ಚಾ 15 ರೂಪಾಯಿ. ಹದಿಮೂರೂವರೆ ನಿಮಿಷ! ಊರಲ್ಲೇ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದರೆ? 2025-26ರಲ್ಲಿ ಕರ್ನಾಟಕದಲ್ಲಿ ಅದರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ದೇವದುರ್ಗದಲ್ಲಿ ಚಾ 10 ರೂಪಾಯಿ. ಎಂಟು ತಾಸಿನ ಲೆಕ್ಕದಲ್ಲಿ 13 ನಿಮಿಷ. ಜಗತ್ತಿನ ಮೂರನೇ ದುಬಾರಿ ನಗರದ ಕಾಫಿಗಿಂತ ದೇವದುರ್ಗದ ಚಾ ದುಬಾರಿ. ಅದೂ ಜ್ಯೂರಿಕ್‌ನದು ಕೈತುಂಬ ಹಿಡಿಯೋ ಕಪ್ಪು, ನಮ್ಮದು ಮೂರು ಗುಟುಕು.

ನನಗೆ? ಆಫೀಸಿನ ಹೊರಗೆ ನಿಂತು ಕುಡಿಯೋ ಅದೇ 15 ರೂಪಾಯಿ ಚಾ ಎರಡು ನಿಮಿಷದ ಸಂಬಳ. ಜ್ಯೂರಿಕ್‌ನಲ್ಲಿದ್ದಾಗ ಅದೂ ಇಲ್ಲ, ಭತ್ಯೆ ಕೊಡೋವಾಗಲೇ ಕಾಫಿ ದುಡ್ಡು ಸೇರಿಸಿ ಕೊಟ್ಟಿರ್ತಾರೆ. ಅಪ್ಪಾಜಿಗೂ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಲೆಕ್ಕ ಹಾಕ್ತಿದ್ದರು, ಬೆಲೆ ಏರಿದಷ್ಟೂ ಸಂಬಳ ಏರ್ತಿತ್ತು. ಬೆಳಿಗ್ಗೆ ಎಂಟಕ್ಕೆ ನಾಕಾದಲ್ಲಿ ನಿಂತು ಮೇಸ್ತ್ರಿ ಕರೆಯೋದನ್ನ ಕಾಯುವವರಿಗೆ ಯಾವ ಸೂಚ್ಯಂಕವೂ ಇಲ್ಲ.

ಇಷ್ಟೆಲ್ಲ ಬರೆಯೋಕೆ ಕಾರಣ ನಮ್ಮ ದೊಡ್ಡಪ್ಪನ ಮಗ, ಅಣ್ಣ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಬೆಂಗಳೂರಿನಲ್ಲಿ ಗೌಂಡಿ ಕೆಲಸ. ಅವನೂ ವೈನಿಯೂ ತಗಡಿನ ಶೆಡ್ಡಿನಲ್ಲಿ ಇರ್ತಿದ್ದರು, ಮಗಳು ಊರಲ್ಲಿ ದೊಡ್ಡಮ್ಮನ ಹತ್ತಿರ. ನನ್ನ ರೂಮಿಗೂ ಅವರ ಶೆಡ್ಡಿಗೂ ನಾಲ್ಕೇ ಕಿಲೋಮೀಟರ್. ಭಾನುವಾರ ಒಮ್ಮೊಮ್ಮೆ ಹೋಗ್ತಿದ್ದೆ. ವೈನಿ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕ್ತಿದ್ದರು.

2025ರ ಉಗಾದಿಗೆ ಊರಿಗೆ ಹೋದಾಗ ಅಣ್ಣ ನನ್ನನ್ನ ಕಟ್ಟಿ ಮೇಲೆ ಕೂಡಿಸಿಕೊಂಡು ಕೇಳಿದ.

"ತಮ್ಮಾ, ನೀ ಕಂಪ್ಯೂಟರ್‌ನಾಗ ಲೆಕ್ಕ ಚಲೋ ಮಾಡ್ತಿ. ದೇವದುರ್ಗದಾಗ ಒಂದು ಚಾದ ಬಂಡಿ ಇಟ್ರ ಹ್ಯಾಂಗ ಆಗತೈತಿ, ಒಂಚೂರು ನೋಡು."

ಮಗಳು ಆಗ ಏಳನೇ ಕ್ಲಾಸ್ ಪರೀಕ್ಷೆ ಮುಗಿಸಿದ್ದಳು. ದೊಡ್ಡಮ್ಮನಿಗೆ ಮೊಣಕಾಲು ನೋವು, ನೀರು ತರೋದು ಅಡುಗೆ ಮಾಡೋದು ಎಲ್ಲ ಹುಡುಗಿಯ ಮೇಲೆ ಬಿದ್ದಿತ್ತು. ಎಂಟನೇ ಕ್ಲಾಸಿಗೆ ದಿನಾ ಬಸ್ಸಿಗೆ ದೇವದುರ್ಗಕ್ಕೆ ಹೋಗಿಬರಬೇಕು. ತಾಯಿ ಊರಲ್ಲಿ ಇಲ್ಲದಿದ್ದರೆ ಆ ಹುಡುಗಿ ಶಾಲೆ ಬಿಡೋದು ಗ್ಯಾರಂಟಿ ಅಂತ ಅಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆಂಗಳೂರಿಗೆ ಕರ್ಕೊಂಡು ಹೋದರೆ? ಸೈಟಿನಲ್ಲಿ ತಮ್ಮಂದಿರನ್ನು ಆಡಿಸ್ತಾ ಕೂತ ಅದೇ ವಯಸ್ಸಿನ ಹುಡುಗಿಯರನ್ನ ನಾವಿಬ್ಬರೂ ನೋಡಿದ್ದೀವಿ.

ಸರಿ, ಲ್ಯಾಪ್‌ಟಾಪ್ ತೆಗೆದೆ. ಮೊದಲು ಬೆಂಗಳೂರಿನ ಲೆಕ್ಕ. ಅಣ್ಣನಿಗೆ ದಿನಕ್ಕೆ 900, ತಿಂಗಳಿಗೆ 22 ದಿನ ಕೆಲಸ ಸಿಕ್ಕರೆ 19,800. ವೈನಿಗೆ 600ರಂತೆ 20 ದಿನ, 12,000. ಒಟ್ಟು 31,800. ಕೇಳೋಕೆ ದೊಡ್ಡದು. ಖರ್ಚು: ಶೆಡ್ಡಿಗೆ 3,000, ಊಟ-ಗ್ಯಾಸ್-ನೀರು 7,500, ಫೋನು ಬಸ್ಸು ಔಷಧಿ 3,500. ಊರಿಗೆ ಕಳಿಸೋದು 4,000.

"ಮತ್ತ ಚಾ ಬರ್ಕೋ" ಅಂದರು ವೈನಿ ಒಳಗಿಂದ.

ಇಬ್ಬರಿಗೂ ಸೇರಿ ದಿನಕ್ಕೆ ಐದು ಚಾ, 75 ರೂಪಾಯಿ. ತಿಂಗಳಿಗೆ ಹತ್ತಿರ ಹತ್ತಿರ 2,000! ಶೆಡ್ಡಿನ ಬಾಡಿಗೆಯ ಮೂರನೇ ಎರಡು ಭಾಗ. ನಾನು ತಲೆ ಎತ್ತಿ ನೋಡಿದೆ. ಅಣ್ಣ ನಕ್ಕ. "ಚಾ ಕುಡೀಲಿಲ್ಲಂದ್ರ ಮಧ್ಯಾಹ್ನ ಮ್ಯಾಲ ಕೈ ಏಳಂಗಿಲ್ಲ ತಮ್ಮಾ. ಅದು ಚಾ ಅಲ್ಲ, ಅರ್ಧ ಊಟ." ಸಕ್ಕರೆ ಜಾಸ್ತಿ ಹಾಕಿಸಿಕೊಂಡು ಯಾಕೆ ಕುಡೀತಾರೆ ಅಂತ ಆಗ ಅರ್ಥ ಆಯಿತು. ಶೆಡ್ಡಿನಲ್ಲೇ ಮಾಡಿ ಫ್ಲಾಸ್ಕಿನಲ್ಲಿ ಒಯ್ಯಬಹುದಲ್ಲ ಅಂದೆ. ಬೆಳಿಗ್ಗೆ ಐದಕ್ಕೆದ್ದು ರೊಟ್ಟಿ ಬಡಿಯೋವಳಿಗೆ ಇನ್ನೊಂದು ಕೆಲಸ ಹೇಳಬೇಡ ಅಂತ ವೈನಿಯಿಂದ ಉತ್ತರ ಬಂತು :)

ಎಲ್ಲ ಕಳೆದು ಉಳಿದದ್ದು 11,800.

ಇನ್ನು ಬಂಡಿಯ ಲೆಕ್ಕ. ಊರಲ್ಲಿ ಮನೆ ಖರ್ಚು ತಿಂಗಳಿಗೆ 8,000 ಅಂತ ಇಟ್ಟೆವು, ಬಾಡಿಗೆ ಇಲ್ಲ, ಅಕ್ಕಿ ರೇಷನ್ನಿನಿಂದ ಬರುತ್ತೆ, 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸೂ ಫ್ರೀ. ಹಾಗಾದರೆ ಬೆಂಗಳೂರಿನಷ್ಟೇ ಉಳಿಯಬೇಕಂದ್ರೆ ಬಂಡಿಯಿಂದ ತಿಂಗಳಿಗೆ 19,800 ಬರಬೇಕು. 26 ದಿನ ಬಂಡಿ ಇಟ್ಟರೆ ದಿನಕ್ಕೆ 761.

ಹತ್ತು ಲೀಟರ್ ಹಾಲು ತಗೊಂಡರೆ ನೀರು ಸೇರಿಸಿ, ಕುದ್ದು ಇಂಗಿದ್ದು ಕಳೆದು, ಸಣ್ಣ ಕಪ್ಪಿನಲ್ಲಿ 200 ಚಾ ಬರುತ್ತೆ. ಇದು ಅಣ್ಣ ಪಕ್ಕದೂರಿನ ಬಂಡಿಯವನನ್ನು ಕೇಳಿಕೊಂಡು ಬಂದದ್ದು. ಇನ್ನೂರಕ್ಕೆ ಚಾಪುಡಿ ಅರ್ಧ ಕೆಜಿ, 150 ರೂಪಾಯಿ. ಸಕ್ಕರೆ 72. ಪೇಪರ್ ಕಪ್ಪು 90. ಶುಂಠಿ, ಯಾಲಕ್ಕಿ 30. ದೊಡ್ಡ ಸಿಲಿಂಡರ್ 1,800 ಸುಮಾರು, ಒಂಬತ್ತು ದಿನ ಬಂದರೆ ದಿನಕ್ಕೆ 200. ಜಾಗಕ್ಕೆ 100. ಇನ್ನು ಹಾಲು.

ಹಾಲಿನ ಹತ್ತಿರ ಬಂದಾಗ ನಿಲ್ಲಬೇಕಾಯಿತು. ಉಗಾದಿ ಇದ್ದದ್ದು ಮಾರ್ಚ್ 30. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರುತ್ತೆ ಅಂತ ಆಗಲೇ ಸುದ್ದಿ ಬಂದಾಗಿತ್ತು. ನೀಲಿ ಪ್ಯಾಕೆಟ್ 42ರಿಂದ 46ಕ್ಕೆ. ಹಿಂದಿನ ಕತೆ ನಿಮಗೆ ನೆನಪಿರಬಹುದು, ಹಾಲಿನ ಲೆಕ್ಕ ಸ್ವಲ್ಪ ತಮಾಷೆಯದು. 2022ರ ನವೆಂಬರ್‌ನಲ್ಲಿ 37 ಇದ್ದದ್ದು 39 ಆಯಿತು. 2023ರ ಆಗಸ್ಟಿನಲ್ಲಿ 42. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಎಂಎಲ್ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದರು, ಬೆಲೆ ಏರಿಸಿಲ್ಲ, ಹಾಲು ಜಾಸ್ತಿ ಕೊಟ್ಟಿದ್ದೀವಿ ಅಂದರು. ಈ ಸಲ ಆ 50 ಎಂಎಲ್ ವಾಪಸ್ ಹೋಯಿತು, ಬೆಲೆ ಮುಂದೆ ಹೋಯಿತು. ಹಾಲು ಹಾಕುವ ರೈತನಿಗೂ ಮೇವು, ಹಿಂಡಿ ದುಬಾರಿ, ಅವನಿಗೆ ದುಡ್ಡು ಸಿಗಲಿ ಅನ್ನೋದರಲ್ಲಿ ನನ್ನ ತಕರಾರಿಲ್ಲ. ಹಾಲು ಕರೆಯುವವನೂ ನಮ್ಮವನೇ, ಚಾ ಕುಡಿಯುವವನೂ ನಮ್ಮವನೇ, ಇಬ್ಬರ ನಡುವೆ ಬಂಡಿಯವನು ನಿಂತಿರ್ತಾನೆ.

ಹಳೆ ಬೆಲೆಗೆ ಲೆಕ್ಕ ಹಾಕಿದೆ: ದಿನಕ್ಕೆ 172 ಚಾ ಮಾರಿದರೆ ಅಣ್ಣನಿಗೆ 761 ಉಳಿಯುತ್ತೆ. ಹೊಸ ಬೆಲೆಗೆ: 178. ಹಾಲು 4 ರೂಪಾಯಿ ಏರಿದ್ದಕ್ಕೆ ದಿನಾ ಆರು ಜನ ಹೆಚ್ಚಿಗೆ ಬಂದು ಚಾ ಕುಡಿಯಬೇಕು. ಒಂದು ಕಪ್ಪಿಗೆ ಅಂತ ನೋಡಿದರೆ ಏರಿದ್ದು 20 ಪೈಸೆ. ಆದರೆ ಹತ್ತು ರೂಪಾಯಿ ಇಪ್ಪತ್ತು ಪೈಸೆಗೆ ಚಾ ಮಾರೋಕೆ ಆಗುತ್ತಾ? ಫೋನ್‌ಪೇ, ಗೂಗಲ್ ಪೇ ಬಂದು ಚಿಲ್ಲರೆ ಸಮಸ್ಯೆ ಮುಗಿದೇ ಹೋಯಿತು ಅಂತ ನಾವೆಲ್ಲ ಅಂದುಕೊಂಡಿದ್ದೀವಿ, ಆದರೂ ಚಾದ ಬೆಲೆ ಇನ್ನೂ ನೋಟು ನಾಣ್ಯದ ಮೆಟ್ಟಿಲ ಮೇಲೇ ಹತ್ತೋದು. 5, ಆಮೇಲೆ 7 ಅಥವಾ 8, ಆಮೇಲೆ 10, ಆಮೇಲೆ 12, 15. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಕಾಲಿಡೋವರೆಗೆ ಏರಿದ ಹಾಲು, ಗ್ಯಾಸು, ಸಕ್ಕರೆ ಎಲ್ಲ ಬಂಡಿಯವನ ಜೇಬಿನಿಂದ ಹೋಗ್ತಿರುತ್ತೆ. ಇಲ್ಲಾ, ಕಪ್ಪು ಸಣ್ಣದಾಗುತ್ತೆ.

ಕಪ್ಪು ಸಣ್ಣದಾದದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ. 2015ರಲ್ಲಿ ರಾಯಚೂರಿನಲ್ಲಿ ಕಾಲೇಜು ಸೇರಿದಾಗ ಸ್ಟೇಷನ್ ರೋಡಿನಲ್ಲಿ ಐದು ರೂಪಾಯಿಗೆ ಗಾಜಿನ ಗ್ಲಾಸಿನಲ್ಲಿ ಚಾ ಕುಡಿದವನು ನಾನು. 1956ರವರೆಗೆ ಹೈದರಾಬಾದ್ ರಾಜ್ಯದ ಜೊತೆಗಿದ್ದ ಊರು ನಮ್ಮದು, ಕಾಫಿಗಿಂತ ಚಾ ಜಾಸ್ತಿ. ಕೆನೆಗಟ್ಟಿದ ಹಾಲು, ಅದರಲ್ಲಿ ಅದ್ದೋಕೆ ಬಿಸ್ಕೀಟು. ಈಗ ಹತ್ತು ರೂಪಾಯಿಗೆ ಸಿಗುವ ಪೇಪರ್ ಕಪ್ಪಿನಲ್ಲಿ ಬಿಸ್ಕೀಟು ಅದ್ದಿದರೆ ಅರ್ಧ ಚಾ ಬಿಸ್ಕೀಟೇ ಕುಡಿದುಬಿಡುತ್ತೆ. ಹಾಗಾಗಿ ಹತ್ತು ವರ್ಷದಲ್ಲಿ ಬೆಲೆ ಎರಡು ಪಟ್ಟಾಯಿತು ಅಂದರೆ ಸಾಲದು. ಗುಟುಕಿನ ಲೆಕ್ಕದಲ್ಲಿ ಮೂರು ಪಟ್ಟು. ಬೆಂಗಳೂರಿನ ಬೈ-ಟೂ ಕಾಫಿಯೂ ಇದೇ ದಾರಿಯಲ್ಲಿದೆ. ಬ್ರೆಜಿಲ್‌ನಲ್ಲಿ, ವಿಯೆಟ್ನಾಂನಲ್ಲಿ ಬರ ಬಿದ್ದು 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟಿತು. ಅದರ ಬಿಸಿ ದರ್ಶಿನಿಯ ಸ್ಟೀಲ್ ಲೋಟದವರೆಗೂ ಬರುತ್ತೆ.

ನಾನು ಅಣ್ಣನಿಗೆ ಅಂದೆ, ಕಪ್ಪು ಐದು ಎಂಎಲ್ ಸಣ್ಣದು ಮಾಡಿದರೆ ಅದೇ ಹಾಲಿಗೆ 16 ಚಾ ಹೆಚ್ಚಿಗೆ ಬರುತ್ತೆ ಅಂತ. ಅಣ್ಣ ಒಪ್ಪಲಿಲ್ಲ.

"ಊರಾಗ ಹಂಗ ಮಾಡಾಕ ಬರಂಗಿಲ್ಲೋ. ಬೆಂಗಳೂರಾಗ ಇವತ್ತು ಬಂದಾವ ನಾಳಿ ಬರಂಗಿಲ್ಲ, ನಡೀತೈತಿ. ಇಲ್ಲಿ ದಿನಾ ಅವರಾ ಬರ್ತಾರ, ಮುಂಜಾನಿ ಮಾರಿ ನೋಡಬೇಕು."

ಅವನದೇ ಒಂದು ಉಪಾಯ ಇತ್ತು: ಪೇಪರ್ ಕಪ್ಪು ಬೇಡ, ಗಾಜಿನ ಗ್ಲಾಸೇ ಇಡೋದು. ಲೆಕ್ಕ ಹಾಕಿದೆ. ಕಪ್ಪಿನ ದುಡ್ಡು ಉಳಿದರೆ 178 ಬೇಕಿದ್ದದ್ದು 165 ಸಾಕು! ನನ್ನ ಎಕ್ಸೆಲ್ ಶೀಟಿಗಿಂತ ಒಳ್ಳೆ ಐಡಿಯಾ. ಆದರೆ ಗ್ಲಾಸ್ ತೊಳೆಯೋಕೆ ನೀರು ಬೇಕು. ನೀರಿನ ಮಾತು ನಮ್ಮ ಜಿಲ್ಲೆಯಲ್ಲಿ ಸಣ್ಣದಲ್ಲ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲೇ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು. ಎಲ್ಲಕ್ಕಿಂತ ಅಗ್ಗದ ಪಾನೀಯ ನೀರು ಅಂತೀವಲ್ಲ, ಕ್ಯಾನ್ ಹಿಡಿದುಕೊಂಡು ಫಿಲ್ಟರ್ ನೀರಿಗೆ ನಿಲ್ಲೋವಾಗ ಅದರ ಬೆಲೆಯೂ ನಿಮಿಷದಲ್ಲೇ ಇರುತ್ತೆ. ಕೊನೆಗೆ ಅಲ್ಲೇ ನಿಂತು ಕುಡಿಯುವವರಿಗೆ ಗ್ಲಾಸು, ಒಯ್ಯುವವರಿಗೆ ಪೇಪರ್ ಕಪ್ಪು, ಹಾಗಂತ ತೀರ್ಮಾನ ಆಯಿತು.

"ಅಂದ್ರ ಎಷ್ಟು ಮಾರಬೇಕು?" ಅಂದ.

"170 ಅಂತ ಇಟ್ಕೋ."

"120 ಅಷ್ಟ ಹೋದ್ರ?"

"ಮನೆ ಖರ್ಚು ಕಳೆದು ಮೂರು-ನಾಲ್ಕು ಸಾವಿರ ಉಳೀತೈತಿ."

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಮಗಳು ಅಂಗಳದಲ್ಲಿ ಬಿಂದಿಗೆ ಇಟ್ಟು ಒಳಗೆ ಹೋದಳು. 120 ಮತ್ತು 170ರ ನಡುವಿನ 50 ಚಾ... ಅದಕ್ಕಿಂತ ದೊಡ್ಡ ಸಂಖ್ಯೆಗಳನ್ನ ನಾನು ದಿನಾ ಆಫೀಸಿನಲ್ಲಿ ನೋಡ್ತೀನಿ. ಯಾವುದರ ಮುಂದೆಯೂ ಹಾಗೆ ಕೂತದ್ದಿಲ್ಲ.

ವೈನಿ ಹೊರಗೆ ಬಂದು ಹೇಳಿದರು. "ಲೆಕ್ಕ ಬಿಡ್ರಿ. ಅಲ್ಲಿ 15 ರೂಪಾಯಿ ಕೊಟ್ಟು ಚಾ ಕುಡದ್ರೂ ನಿಂದರಾಕ ಜಾಗ ಇರಂಗಿಲ್ಲ. ಸಿಮೆಂಟ್ ಹತ್ತಿದ ಸೀರಿ ನೋಡಿ ಆ ಕಡಿ ಸರೀರಿ ಅಂತಾರ. ಒಂದು ವರ್ಷ ನೋಡೂಣು, ಆಗಲಿಲ್ಲಂದ್ರ ಬೆಂಗಳೂರು ಎಲ್ಲಿ ಓಡಿ ಹೋಗತೈತಿ?"

ಆ ಮಾತು ನನಗೆ ನಾಟಿತು. ನಾನೂ ಅಂಥದೇ ಬಂಡಿಗಳ ಮುಂದೆ ಐಡಿ ಕಾರ್ಡ್ ನೇತುಹಾಕಿಕೊಂಡು ಅರ್ಧ ಗಂಟೆ ನಿಂತು ಹರಟುತ್ತೇನೆ, ಯಾರೂ ಸರಿಯಿರಿ ಅನ್ನೋದಿಲ್ಲ. ಹದಿನೈದು ರೂಪಾಯಿಗೆ ನಮಗೆ ಚಾ ಜೊತೆ ನೆರಳೂ ಸಿಗುತ್ತೆ. ಈ ವ್ಯತ್ಯಾಸವನ್ನ ಮರ್ಸರ್‌ನವರ ಇನ್ನೂರು ಸಾಮಾನುಗಳಲ್ಲಿ ಯಾವ ಸಾಲಿನಲ್ಲಿ ಬರೆಯೋದು?

ಜೂನ್‌ನಲ್ಲಿ ಶಾಲೆ ಶುರುವಾಗೋ ಹೊತ್ತಿಗೆ ಬಂಡಿಯೂ ಶುರುವಾಯಿತು. ಸೆಕೆಂಡ್ ಹ್ಯಾಂಡ್ ಬಂಡಿ, ಒಲೆ, ಪಾತ್ರೆ ಎಲ್ಲ ಸೇರಿ 35,000. ನಾನು ಕೊಡ್ತೀನಿ ಅಂದದ್ದಕ್ಕೆ ಬೇಡ ಅಂದ, ಆದರೆ ದುಡ್ಡು ಬಂದಾಗ ಕೂಗಿ ಹೇಳುವ ಆ ಫೋನ್‌ಪೇ ಡಬ್ಬಿ ಇರುತ್ತಲ್ಲ, ಅದನ್ನ ಹೊಂದಿಸಿ ಕೊಡೋಕೆ ಬಿಟ್ಟ. ಮೊದಲ ತಿಂಗಳು ದಿನಕ್ಕೆ 130ರ ಆಸುಪಾಸು. ಜುಲೈ ಮೊದಲ ವಾರ ಮೊಹರಂ, ಬೆಂಗಳೂರು ಪುಣೆಯಿಂದ ಎಲ್ಲ ಊರಿಗೆ ಬಂದಿದ್ದರು, ಒಂದು ದಿನ 300 ದಾಟಿತು. ಅಲ್ಲಿ 15 ಕೊಟ್ಟು ಕುಡಿದು ರೂಢಿಯಾದವರು ಇಲ್ಲಿ 10 ಕೊಟ್ಟು "ಇನ್ನೊಂದು ಹಾಕು ಕಾಕಾ" ಅಂತ ಗ್ಲಾಸ್ ಮುಂದೆ ಮಾಡ್ತಿದ್ದರಂತೆ. ಆಮೇಲೆ ವೈನಿ ಮಂಡಾಳ ಒಗ್ಗರಣಿ, ಮಿರ್ಚಿ ಶುರು ಮಾಡಿದರು. ಚಾ ಜನರನ್ನ ಕರೆಯುತ್ತೆ, ದುಡ್ಡು ಕೊಡೋದು ಮಿರ್ಚಿ ಅಂತ ಅವರ ಥಿಯರಿ. ನನ್ನ ಶೀಟಿನಲ್ಲಿ ಮಿರ್ಚಿಗೆ ಕಾಲಮ್ಮೇ ಇರಲಿಲ್ಲ, ಸೇರಿಸಿದೆ.

ಸೆಪ್ಟೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ತುಂಬಾ ಮಳೆ ಹೊಡೆಯಿತಲ್ಲ, ಹತ್ತಿ, ತೊಗರಿ ಎಲ್ಲ ನೀರಲ್ಲಿ ನಿಂತವು. ಹೊಲದಲ್ಲಿ ಕೆಲಸ ಇಲ್ಲ, ಕೈಯಲ್ಲಿ ದುಡ್ಡಿಲ್ಲ. 90 ಚಾಕ್ಕೆ ಇಳಿಯಿತು. ಅದರಲ್ಲೂ ಅರ್ಧ ಜನ "ಐದು ರೂಪಾಯಿದು ಹಾಕು" ಅನ್ನೋಕೆ ಶುರು ಮಾಡಿದರು. ಐದು ರೂಪಾಯಿಗೆ ಅರ್ಧ ಗ್ಲಾಸು. ಒಲೆ ಅಷ್ಟೇ ಉರಿಯಬೇಕು, ಗ್ಲಾಸು ಅಷ್ಟೇ ಸಲ ತೊಳೆಯಬೇಕು, ಬರೋದು ಅರ್ಧ. ಎದುರಿನ ಬಂಡಿಯವನು ಏಳು ರೂಪಾಯಿಗೆ ಇಳಿಸಿದ. ಅಣ್ಣ ಇಳಿಸಲಿಲ್ಲ, ಏರಿಸಲೂ ಇಲ್ಲ. ಆ ತಿಂಗಳು ಅವನು ಫೋನಿನಲ್ಲಿ ಜಾಸ್ತಿ ಮಾತಾಡಲಿಲ್ಲ. ಜೊತೆಗೆ ಗೌಂಡಿ ಕೆಲಸ ಮಾಡ್ತಿದ್ದ ಇಬ್ಬರು ಬೆಂಗಳೂರಿಗೆ ಬಾ ಅಂತ ಕರೆಯುತ್ತಿದ್ದರು ಅಂತ ವೈನಿ ಹೇಳಿದರು.

ದೀಪಾವಳಿ ಮುಗಿದ ಮೇಲೆ ಸ್ವಲ್ಪ ಚೇತರಿಸಿತು. ಈಗ ದಿನಕ್ಕೆ 150 ಚಾ ಹೋಗುತ್ತೆ, ಮಿರ್ಚಿ ಬೇರೆ. ನಾನು ಹೇಳಿದ 170 ಇನ್ನೂ ಮುಟ್ಟಿಲ್ಲ, ಆದರೆ ಒಗ್ಗರಣಿ ಮಿರ್ಚಿ ಸೇರಿಸಿದರೆ ಬೆಂಗಳೂರಿನ 11,800ರ ಹತ್ತಿರ ಹತ್ತಿರ ಬರ್ತಿದೆ, ಕೆಲವು ತಿಂಗಳು ಸಾವಿರ ಕಮ್ಮಿ, ಕೆಲವು ತಿಂಗಳು ಎರಡು ಸಾವಿರ ಕಮ್ಮಿ. ಹುಡುಗಿ ಎಂಟನೇ ಕ್ಲಾಸ್. ಸಂಜೆ ಶಾಲೆಯಿಂದ ಬಂಡಿಗೆ ಬಂದು ಅಪ್ಪನ ಫೋನಿನಲ್ಲಿ ಅವತ್ತಿನ ಲೆಕ್ಕವನ್ನ ನನ್ನ ಶೀಟಿಗೆ ಹಾಕೋಳು ಅವಳೇ. ಅರ್ಧ ಚಾಕ್ಕೆ ಬೇರೆ ಕಾಲಮ್ ಬೇಕು ಕಾಕಾ ಅಂತ ಅವಳೇ ಮೆಸೇಜ್ ಕಳಿಸಿದ್ದಳು. ಹಾಕಿಕೊಟ್ಟಿದ್ದೀನಿ.

ಗೌಂಡಿ ಸಾಮಾನಿನ ಚೀಲ ಮಾತ್ರ ಇನ್ನೂ ಬಾಗಿಲ ಹಿಂದೆ ನೇತಾಡ್ತಿದೆ. ಮಾರಿಲ್ಲ.

ಮೊನ್ನೆ ಫೋನ್ ಮಾಡಿದಾಗ ಅಣ್ಣನದು ಒಂದೇ ಪ್ರಶ್ನೆ. "ಹಾಲು ಮತ್ತ ಏರತೈತಂತ, ಹೌದೇನೋ ತಮ್ಮಾ?"

"ಗೊತ್ತಿಲ್ಲ ಅಣ್ಣಾ. ಏರಿದ್ರ ಏನ್ ಮಾಡ್ತಿ, 12 ಮಾಡ್ತಿಯೇನು?"

"ಹನ್ನೆರಡು ಅಂದ್ರ ಚಿಲ್ಲರ್ ಜಗಳ. ನೀ ಒಂದ್ಸಲ ಹತ್ತೂ ಹಾಕಿ ನೋಡು, ಹನ್ನೆರಡೂ ಹಾಕಿ ನೋಡು. ಎಷ್ಟು ಮಂದಿ ಬಿಟ್ಟು ಹೋದ್ರ ಲುಕ್ಸಾನ ಆಗತೈತಿ ಅದನ್ನ ಹೇಳು."

ಹಾಕಿ ನೋಡಿದೆ. 150ರಲ್ಲಿ 35 ಜನ ಬಿಟ್ಟು ಹೋಗೋವರೆಗೂ ಲುಕ್ಸಾನ್ ಇಲ್ಲ ಅಂತ ಬಂತು. ಹೇಳಿದೆ.

ಅಣ್ಣ ಆ ಕಡೆಯಿಂದ ಎಣಿಸ್ತಾ ಹೋದ, ಹಮಾಲಿ ಮಂದಿ ಎಂಟು, ಬಸ್ ಸ್ಟ್ಯಾಂಡಿನ ಮುದುಕರು ಆರು, ಕಾಲೇಜ್ ಹುಡುಗರು ಹನ್ನೆರಡು... ಹೆಸರು ಹಿಡಿದು ಎಣಿಸಿ, "ಮೂವತ್ತಂತೂ ಹೋಗ್ತಾರ" ಅಂದ. ಸದ್ಯಕ್ಕೆ ಹತ್ತೇ ಇಟ್ಟಿದ್ದಾನೆ.